ತಾಈ ಅನ್ನಬಾರದು

ನಾಸಿಕ್ಕಿನ ಆ ಕಾಲನಿಯಲ್ಲಿ ನಮ್ಮ ಮನೆಯನ್ನು ಅಪ್ಪನ ಹೆಸರಿನಿಂದ ಯಾರೂ ಗುರುತಿಸುತ್ತಿರಲಿಲ್ಲ. ಕಾನಡ್ಯಾಂಚ ಘರ, ಅಂದರೆ ಕನ್ನಡದವರ ಮನೆ, ಅಷ್ಟೇ. ಅಪ್ಪ ಬಾಗಿಲಿಗೆ ಹೆಸರಿನ ಹಲಗೆ ಬರೆಸಿ ಹಾಕಿದ್ದರು, ಅದೂ ಮರಾಠಿಯಲ್ಲಿ. ಪೋಸ್ಟಿನವನು ಸಹ ಅದನ್ನು ಓದದೆ ನೇರ ನಮ್ಮ ಮನೆಗೆ ಬಂದು ಕಾನಡೀ ಎಂದು ಕೂಗುತ್ತಿದ್ದ. ಅಪ್ಪ ಬೀದರ ಕಡೆಯವರು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಔರಂಗಾಬಾದಿನಲ್ಲಿ, ಅಂದರೆ ಈಗಿನ ಸಂಭಾಜಿನಗರದಲ್ಲಿ, ಗುಮಾಸ್ತರಾಗಿ ಸೇರಿದ್ದರು. ರಾಜ್ಯಗಳನ್ನು ಹೊಸದಾಗಿ ಹಂಚಿದಾಗ ಊರು ಒಂದು ಪಾಲಿಗೆ ಹೋಯಿತು, ನೌಕರಿ ಇನ್ನೊಂದು ಪಾಲಿಗೆ. ಅಪ್ಪ ನೌಕರಿಯ ಕಡೆ ನಿಂತರು. ಅರವತ್ತರ ದಶಕದ ನಡುವಿನಲ್ಲಿ ನಾಸಿಕ್ಕಿಗೆ ವರ್ಗವಾಗಿ ಬಂದೆವು.

ಊರು ಮುಗಿದು ಉಳ್ಳಾಗಡ್ಡಿಯ ಹೊಲ ಶುರುವಾಗುವಲ್ಲಿ ನಮ್ಮ ಕಾಲನಿ. ಹೆಂಚಿನ ಸಣ್ಣ ಮನೆಗಳು, ಮಕ್ಕಳು ಹಾರಿ ದಾಟುವಷ್ಟೇ ಎತ್ತರದ ಕಂಪೌಂಡು, ಎಲ್ಲರ ಅಂಗಳದಲ್ಲೂ ಒಂದು ತುಳಸಿ, ಒಂದು ಕರಿಬೇವು. ಎಲ್ಲರೂ ಸಂಬಳದವರು, ಎಲ್ಲರಿಗೂ ತಿಂಗಳ ಕೊನೆ ಒಂದೇ ದಿನ ಬರುತ್ತಿತ್ತು. ಮಕ್ಕಳು ಎಲ್ಲಿ ಹಸಿವಾಯಿತೋ ಅಲ್ಲೇ ಉಣ್ಣುವವರು, ಎಲ್ಲಿ ನಿದ್ದೆ ಬಂತೋ ಅಲ್ಲೇ ಮಲಗುವವರು. ಸಂಜೆ ಹೆಂಗಸರು ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತ, ಆ ಹೊತ್ತಿಗೆ ಅಲ್ಲಿಲ್ಲದ ಹೆಂಗಸಿನ ಬಗ್ಗೆ ಮಾತಾಡುತ್ತಿದ್ದರು. ಇದಕ್ಕಿಂತ ಒಳ್ಳೆಯ ಜಾಗದಲ್ಲಿ ಬೆಳೆದೆ ಎಂದು ಹೇಳಿಕೊಳ್ಳುವವರನ್ನು ನಾನು ನಂಬುವುದಿಲ್ಲ.

ಆದರೆ ಭಾಷೆ ಮೊದಮೊದಲು ನಮ್ಮನ್ನು ಚೆನ್ನಾಗಿ ಆಟವಾಡಿಸಿತು. ನಮ್ಮ ಕಡೆ ಆಯಿ ಅಂದರೆ ಅಜ್ಜಿ. ಇವರಲ್ಲಿ ಆಯಿ ಅಂದರೆ ಅವ್ವ. ನಾವು ಬಂದ ಹೊಸತರಲ್ಲಿ ಎದುರು ಮನೆಯ ಹುಡುಗಿ ನಮ್ಮ ಆಯಿಗೆ ಪಾಪು ಹುಟ್ಟಿದೆ ಎಂದು ಪೇಡೆ ಹಂಚಿದಳು. ನನಗೆ ಹಲ್ಲಿಲ್ಲದ ಮುದುಕಿಯೊಬ್ಬಳು ಬಾಣಂತಿಯಾಗಿ ಮಲಗಿದ್ದು ಕಣ್ಣಿಗೆ ಕಟ್ಟಿ, ಪೇಡೆ ಗಂಟಲಲ್ಲಿ ನಿಂತಿತು. ಅವ್ವ ಆ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವ್ವ ನಕ್ಕಿದ್ದು ನನಗೆ ನೆನಪಿರುವುದು ಅದೊಂದೇ ಸಲ.

ಆ ಮಳೆಗಾಲದಲ್ಲಿ ಅವ್ವನಿಗೆ ಕಾಮಾಲೆಯಾಯಿತು. ಕಣ್ಣು ಹಳದಿಯಾದದ್ದನ್ನು ಮೊದಲು ನೋಡಿದ್ದು ಪಕ್ಕದ ಮನೆಯ ಕಾಕು, ನಮಗೆಲ್ಲ ಚಿಕ್ಕಮ್ಮನಂಥ ಮರಾಠಿ ಹೆಂಗಸು. ಆಕೆಯೇ ಔಷಧಿ ತಂದಳು, ಆಕೆಯೇ ಟಾಂಗಾ ಕರೆಸಿ ಆಸ್ಪತ್ರೆಗೆ ಕರೆದೊಯ್ದಳು. ಅವ್ವ ಹಿಂದಿರುಗಲಿಲ್ಲ. ಮಣ್ಣು ಮಾಡಿ ಬಂದ ದಿನ ಅಪ್ಪ ಗೋಡೆಗೆ ಒರಗಿ ಕೂತವರು ಏಳಲೇ ಇಲ್ಲ. ತಂಗಿ ಆಗಿನ್ನೂ ಅಂಬೆಗಾಲಿಡುತ್ತಿದ್ದಳು, ಹಾಲಿಗಾಗಿ ಅಳುತ್ತ ಮನೆಯೆಲ್ಲ ತಿರುಗಿದಳು. ಅಕ್ಕ ಅವಳನ್ನು ಎತ್ತಿಕೊಂಡಳು. ಅಂದು ಎತ್ತಿಕೊಂಡವಳು ಮತ್ತೆ ಇಳಿಸಿದ್ದನ್ನು ನಾನು ನೋಡಿಲ್ಲ ಅಂದರೂ ನಡೆದೀತು.

ಅಕ್ಕ ಮ್ಯಾಟ್ರಿಕ್ ಅರ್ಧಕ್ಕೆ ಬಿಟ್ಟಳು. ನಲ್ಲಿಗೆ ಹೋದರೂ ತಂಗಿ ಅವಳ ಸೊಂಟದ ಮೇಲೆ, ರೊಟ್ಟಿ ಬಡಿಯುವಾಗಲೂ ಬೆನ್ನಿಗೆ. ಕಾಲನಿಯ ಮಕ್ಕಳೆಲ್ಲ ಅಕ್ಕನನ್ನು ತಾಈ ಅನ್ನುತ್ತಿದ್ದರು. ಮರಾಠಿಯಲ್ಲಿ ತಾಈ ಅಂದರೆ ಅಕ್ಕ, ಮತ್ತೇನಿಲ್ಲ. ಮುಳ್ಳು ಚುಚ್ಚಿಸಿಕೊಂಡವರು, ಜಡೆ ಬಿಚ್ಚಿಹೋದವರು, ಮನೆಯಲ್ಲಿ ಪೆಟ್ಟು ತಿಂದವರು, ಎಲ್ಲರೂ ತಾಈ ತಾಈ ಎನ್ನುತ್ತ ನಮ್ಮ ಮನೆಗೆ ಬರುವವರೇ. ಓಣಿಯಲ್ಲಿ ಮಾತು ಕಲಿತ ತಂಗಿಗೂ ಅದೇ ಬಾಯಿಗೆ ಬಂತು. ನಾನು ಅಕ್ಕ ಅಂದೆ, ಅವಳು ತಾಈ ಅಂದಳು. ಬರೆದರೆ ನಮ್ಮ ತಾಯಿಗೂ ಅವರ ತಾಈಗೂ ಒಂದಕ್ಷರದ ಫರಕು, ಕಿವಿಗೆ ಅದೂ ಇಲ್ಲ. ಇದನ್ನು ನಾವು ಯಾರೂ ಯೋಚಿಸಿರಲೇ ಇಲ್ಲ.

ತಂಗಿಗೆ ನಾಲ್ಕು ತುಂಬುತ್ತಿದ್ದ ಚಳಿಗಾಲದಲ್ಲಿ ಅಕ್ಕನನ್ನು ನೋಡಲು ಬಂದರು. ಹುಡುಗನಿಗೆ ಔರಂಗಾಬಾದಿನಲ್ಲಿ ಸರಕಾರಿ ನೌಕರಿ, ಮೂಲ ಭಾಲ್ಕಿ ಕಡೆಯವರು, ನಮ್ಮವರೇ. ಹೆಣ್ಣು ನೋಡಲು ಬಂದವರಿಗೆ ಅವಲಕ್ಕಿ ಕೊಡುವುದು ಕಾಕುವಿನ ಪದ್ಧತಿ, ಶಿರಾ ಕೊಡುವುದು ನಮ್ಮದು. ಎರಡೂ ತಯಾರಾದವು. ಅಕ್ಕ ನನ್ನನ್ನು ಕಿಟಕಿಗೆ ಕಳಿಸಿ ಹುಡುಗ ಹೇಗಿದ್ದಾನೆ ನೋಡಿ ಬಾ ಅಂದಳು. ಕಿವಿ ದೊಡ್ಡವು ಅಂದೆ. ನಕ್ಕಳು, ನಕ್ಕ ಮೇಲೆ ಮತ್ತೊಮ್ಮೆ ಕನ್ನಡಿ ನೋಡಿಕೊಂಡಳು. ಅವಳಿಗೆ ಈ ಮದುವೆ ಬೇಕಾಗಿತ್ತು. ಅದು ನನಗೆ ಆಗ ಗೊತ್ತಾಯಿತು, ಗೊತ್ತಾಗಿ ಸಿಟ್ಟೂ ಬಂತು.

ಅಕ್ಕ ತಲೆಯ ಮೇಲೆ ಸೆರಗು ಹೊದ್ದು ತಟ್ಟೆ ಹಿಡಿದು ಕೂತಿದ್ದಾಳೆ, ಹುಡುಗನ ತಾಯಿ ಏನೋ ಕೇಳುತ್ತಿದ್ದಾರೆ. ಅಷ್ಟರಲ್ಲಿ ಓಣಿಯಲ್ಲಿ ಆಡುತ್ತಿದ್ದ ತಂಗಿ ಮೊಣಕಾಲು ತರಚಿಕೊಂಡು ಬಂದವಳೇ, ತಾಈ ಎಂದು ಕಿರುಚಿ ಅಕ್ಕನ ತೊಡೆಯ ಮೇಲೆ ಬಿದ್ದಳು. ಶಿರಾದ ತಟ್ಟೆ ಓರೆಯಾಯಿತು. ಅಕ್ಕ ಹೆಣ್ಣು ನೋಡುವವರ ಮುಂದೆ ಕೂತಿದ್ದೇನೆ ಎಂಬುದನ್ನೇ ಮರೆತು ಸೆರಗಿನಿಂದ ಮಂಡಿ ಒರೆಸಿ, ಊದಿ, ಮುತ್ತು ಕೊಟ್ಟಳು.

ಹುಡುಗನ ತಾಯಿಯ ಕೈ ನಿಂತಿತು. "ಈ ಕೂಸು ಯಾರದ್ರಿ?"

"ನನ್ನ ಸಣ್ಣ ಮಗಳ್ರಿ," ಅಂದರು ಅಪ್ಪ.

"ಮತ್ತ ಆಕಿಗಿ ತಾಯಿ ಅಂತದಲ್ರಿ?"

ಒಳಗಿನಿಂದ ಕಾಕು ಧಾವಿಸಿ ಬಂದಳು. ತಾಈ ಮ್ಹಣಜೇ ಮೋಠೀ ಬಹೀಣ, ತಾಈ ಅಂದರೆ ದೊಡ್ಡಕ್ಕ ಎಂದು ಕೈ ಬಾಯಿ ಆಡಿಸಿ ತಿಳಿಸಿದಳು. ಹುಡುಗನ ಕಡೆಯವರೂ ಔರಂಗಾಬಾದಿನಲ್ಲಿದ್ದವರೇ, ತಿಳಿಯದೆ ಏನು? ಎಲ್ಲರೂ ನಕ್ಕರು. ಹುಡುಗ ಎಲ್ಲರಿಗಿಂತ ಜೋರಾಗಿ ನಕ್ಕ. ಹುಡುಗನ ತಾಯಿ ಮಾತ್ರ ತಂಗಿಯನ್ನು ಹತ್ತಿರ ಕರೆದು, ಗಲ್ಲ ಹಿಡಿದು, ಮೆತ್ತಗೆ ಕೇಳಿದರು, "ನಿನ್ನ ತಾಯಿ ಎಲ್ಲಿ ಅದಾಳವ್ವ?"

ತಂಗಿ ಹಿಂದಕ್ಕೆ ತಿರುಗಿ ಅಕ್ಕನ ಕಡೆ ಬೆರಳು ಮಾಡಿದಳು. "ಇಲ್ಲೇ ಅದಾಳಲ್ಲ!"

ಆ ಸಲ ಯಾರೂ ನಗಲಿಲ್ಲ.

ಹುಡುಗನ ತಾಯಿ ಕೆಟ್ಟವರಲ್ಲ. ಅವರನ್ನು ಕೆಟ್ಟವರೆಂದು ಬರೆಯಲು ನನಗೆ ಬಹಳ ಆಸೆ, ಆದರೆ ಬರೆದರೆ ಸುಳ್ಳಾಗುತ್ತದೆ. ಹುಡುಗಿ ಬಂಗಾರದಂಥವಳು ಅಂದರು. ಅಕ್ಕ ಅಪ್ಪನ ಮೂಲಕ ಒಂದೇ ಮಾತು ಹೇಳಿಸಿದ್ದಳು, ಕೂಸು ನನ್ನ ಜೊತೆ ಬರಬೇಕು, ಇಲ್ಲದಿದ್ದರೆ ಬೇಡ. ಅದಕ್ಕೂ ಅವರು ಒಪ್ಪಿದರು. "ಬರ್ಲಿ. ನಮ್ಮನ್ಯಾಗ ಒಂದ್ ತುತ್ತಿಗಿ ಕಮ್ಮಿ ಇಲ್ರಿ. ಖರೇ, ನಮ್ಮ ಗಲ್ಲಿ ತುಂಬ ನಮ್ಮ ಕಡಿ ಮಂದಿನೇ ಅದಾರ. ಸೊಸಿಗಿ ಒಂದು ಕೂಸು ದಿನಾ ತಾಯಿ ತಾಯಿ ಅಂದ್ರ ಎಷ್ಟ್ ಮಂದಿಗಿ ತಿಳಿಸಿ ಹೇಳ್ಲಿ? ಮದುವಿಗಿ ಮೊದಲೇ ಹಡದಾಳ ಅಂತಾರ. ಆ ಶಬ್ದ ಒಂದ್ ಬಿಡಿಸ್ರಿ. ಅಕ್ಕ ಅನ್ಲಿ."

ಅಪ್ಪನಿಗೆ ಸ್ವರ್ಗ ಮೂರೇ ಗೇಣು. ಅವ್ವ ಸತ್ತ ಮೇಲೆ ಮೊದಲ ಸಲ ಅವರು ಸಂಜೆ ಹೊತ್ತು ಕಟ್ಟೆಗೆ ಬಂದು ಕೂತರು. ಒಂದು ಶಬ್ದ ತಾನೇ, ಅದೆಷ್ಟರ ಕೆಲಸ ಅಂದರು.

ಕೆಲಸ ಅಂದೇ ಶುರುವಾಯಿತು. ತಂಗಿಯನ್ನು ಕೂರಿಸಿಕೊಂಡು ಅಪ್ಪ ಅಕ್ಕನ ಕಡೆ ಬೆರಳು ಮಾಡಿ ಇದು ಯಾರು ಅಂತ ಕೇಳುವುದು, ಅಕ್ಕ ಅಂದರೆ ಬತ್ತಾಸು ಕೊಡುವುದು. ಒಂದೇ ದಿನದಲ್ಲಿ ಅಕ್ಕ ಎನ್ನಲು ಕಲಿತಳು. ಬತ್ತಾಸು ತಿಂದಳು, ಎದ್ದಳು, ಹೊಸ್ತಿಲು ಎಡವಿದಳು, ತಾಈ ಎಂದು ಅತ್ತಳು. ಅವಳ ತಲೆಯಲ್ಲಿ ಅಕ್ಕ ಅಂದರೆ ಬತ್ತಾಸಿನ ಆಟದಲ್ಲಿ ಬರುವ ಒಂದು ಹೆಂಗಸು. ನೋವಾದರೆ ಬರುವವಳು ತಾಈ. ಮಗುವಿನ ತರ್ಕದಲ್ಲಿ ಏನು ತಪ್ಪಿತ್ತು ಹೇಳಿ?

ಆಮೇಲೆ ಕಟ್ಟುನಿಟ್ಟಾಯಿತು. ತಾಈ ಎಂದು ಕರೆದರೆ ಅಕ್ಕ ತಿರುಗಿ ನೋಡಬಾರದು, ಓ ಅನ್ನಬಾರದು. ಅಪ್ಪ ಹಾಗೆ ಹೇಳಿದರು. ಮಗು ಸೆರಗು ಹಿಡಿದು ತಾಈ, ತಾಈ ಎಂದು ಎಳೆಯುವುದು, ಅಕ್ಕ ಒಲೆಯ ಕಡೆ ಮುಖ ಮಾಡಿ ಬೆನ್ನು ಬಿರುಸು ಮಾಡಿಕೊಂಡು ನಿಲ್ಲುವುದು. ಕಾಲನಿಯ ಮಕ್ಕಳಿಗೂ ತಾಕೀತಾಯಿತು. ಅವರೆಲ್ಲ ಪಾಪ, ಮರಾಠಿ ಬಾಯಲ್ಲಿ ಅಕ್ಕಾ ಅಕ್ಕಾ ಎಂದು ಅಭ್ಯಾಸ ಮಾಡಿದರು. ಕಾಕು ಒಬ್ಬಳೇ ಒಪ್ಪಲಿಲ್ಲ. ತಾಯಿಯಿಲ್ಲದ ಮಗುವಿನ ಬಾಯಿಂದ ಇದ್ದೊಂದು ಹೆಸರನ್ನೂ ಕಿತ್ತುಕೊಳ್ಳುತ್ತೀರಲ್ಲ ಎಂದು ಅಪ್ಪನ ಮುಖದ ಮೇಲೆ ಹೇಳಿ, ಎರಡು ದಿನ ನಮ್ಮ ಮನೆಗೆ ಬರಲಿಲ್ಲ.

ಅಪ್ಪ ಒಂದು ಉಪಾಯ ಮಾಡಿದ್ದರು. ಮಗು ಮೈಮರೆತಿರುವಾಗ ಅವರೇ ಮೆತ್ತಗೆ, ಎಲ್ಲಿ, ತಾಈ ಅನ್ನು ನೋಡೋಣ ಅನ್ನುವುದು. ತಾಈ ಅಂದರೆ ಸೋತಂತೆ. ಅನ್ನಲ್ಲ, ಅಕ್ಕ ಅಂದರೆ ಗೆದ್ದಂತೆ. ಮೊದಲು ಪ್ರತಿ ಸಲ ಸೋಲುತ್ತಿದ್ದಳು. ಬರಬರುತ್ತ ಚುರುಕಾದಳು. ಸರಿಯಾಗಿ ಕಲಿತರೆ ಔರಂಗಾಬಾದಿನಲ್ಲಿ ಅಕ್ಕನ ಮನೆಯಲ್ಲೇ ಇರುವುದು ಎಂದು ಎಲ್ಲರೂ ಹೇಳಿದ್ದರು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಳು.

ಬೇಸಿಗೆಯಲ್ಲಿ ಕಾಲನಿಯ ಮೈದಾನದಲ್ಲೇ ಹಂದರ ಹಾಕಿ ಮದುವೆ. ಎಲ್ಲರ ಮನೆಯಲ್ಲೂ ಬೀಗರು ಇಳಿದುಕೊಂಡಿದ್ದರು. ಮದುವೆಯುದ್ದಕ್ಕೂ ತಂಗಿ ಅಕ್ಕ ಅಕ್ಕ ಎಂದೇ ಓಡಾಡಿದಳು, ಅಪ್ಪ ಹೆಮ್ಮೆಯಿಂದ ಬೀಗರ ಮುಖ ನೋಡುತ್ತಿದ್ದರು. ಆದರೆ ಮದುಮಕ್ಕಳು ಹೊರಡುವ ಹೊತ್ತಿಗೆ ಅಕ್ಕ ಅಪ್ಪನನ್ನು ತಬ್ಬಿ ಅಳತೊಡಗಿದಳು. ಅಕ್ಕ ಅತ್ತಿದ್ದನ್ನು ಮಗು ಎಂದೂ ಕಂಡಿರಲಿಲ್ಲ. ಹೆದರಿತು. ನಾಲ್ಕು ತಿಂಗಳ ಪಾಠವೆಲ್ಲ ನೀರುಪಾಲು. ತಾಈ ಎಂದು ಅದು ಎಳೆದ ರಾಗಕ್ಕೆ ಭಾಲ್ಕಿಯಿಂದ ಬಂದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಕ್ಕನ ಅತ್ತೆ ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರು, "ಇನ್ನಾ ಸ್ವಲ್ಪ ದಿನ ಹೋಗ್ಲಿ, ಬಾಯಿಗಿ ರೂಢಿ ಆಗ್ಲಿ. ದೀಪಾವಳಿಗಿ ಕರ್ಕೊಂಡ್ ಬರ್ರಿ. ಆಗ ಇಟ್ಕೋತೀವಿ, ಫಿಕರ್ ಮಾಡಬ್ಯಾಡ್ರಿ."

ಅಕ್ಕ ಹೋದಳು. ತಂಗಿ ಹಂದರದ ಕಂಬ ಹಿಡಿದು ನಿಂತಿದ್ದಳು.

ಆ ಮೇಲಿನ ತಿಂಗಳುಗಳಲ್ಲಿ ಅವಳಿಗೆ ಯಾರೂ ಕಲಿಸಬೇಕಾಗಲಿಲ್ಲ. ತಾನೇ ಬಂದು ನನ್ನ ಪರೀಕ್ಷೆ ಮಾಡು ಅನ್ನುತ್ತಿದ್ದಳು. ಬಿದ್ದರೂ ಅಕ್ಕ, ಜ್ವರ ಬಂದರೂ ಅಕ್ಕ. ಒಮ್ಮೆ ಚೇಳಿನ ಮರಿ ಕಚ್ಚಿದಾಗ ತುಟಿ ಕಚ್ಚಿ ಹಿಡಿದು, ಅಕ್ಕ ಅಂದಳು. ನಾನು ಎತ್ತಿಕೊಂಡು ಕಾಕುವಿನ ಮನೆಗೆ ಓಡಿದೆ. ಕಾಕು ಸುಣ್ಣ ಹಚ್ಚುತ್ತ ಅತ್ತಳು.

ದೀಪಾವಳಿಗೆ ಔರಂಗಾಬಾದಿಗೆ ಹೋದೆವು. ತಂಗಿ ತನ್ನ ಲಂಗಗಳನ್ನೆಲ್ಲ ಟ್ರಂಕಿಗೆ ಹಾಕಿಸಿದ್ದಳು, ಹಿಂದಿರುಗುವ ಮಾತೇ ಇಲ್ಲವಲ್ಲ. ಅಕ್ಕನ ಮನೆಯ ಬಾಗಿಲಲ್ಲಿ ನಿಂತು, ಗಲ್ಲಿಯವರೆಲ್ಲ ಕೇಳುವಂತೆ, "ಅಕ್ಕಾ, ಆರಾಮ ಅದೀರಿ?" ಅಂದಳು. ರಿ ಹಚ್ಚುವುದನ್ನು ನಾವು ಕಲಿಸಿರಲಿಲ್ಲ, ಅವಳೇ ಸೇರಿಸಿಕೊಂಡಿದ್ದಳು. ಅತ್ತೆಗೆ ಬಹಳ ಖುಷಿಯಾಯಿತು. ಎಷ್ಟು ಶಾಣ್ಯಾ ಕೂಸು ಎಂದು ನೆಟಿಕೆ ಮುರಿದರು. ಅಕ್ಕ ಓಡಿ ಬರುತ್ತಿದ್ದವಳು ನಡುವೆ ನಿಂತುಬಿಟ್ಟಳು. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು.

ಮರುದಿನ ಎಲ್ಲರೂ ಹೊರಗೆ ಕೂತಿದ್ದಾಗ ಅಕ್ಕ ತಂಗಿಯನ್ನು ಅಡುಗೆಮನೆಗೆ ಕರೆದಳು. ನಾನು ಅಲ್ಲೇ ಕರಜಿಕಾಯಿಗೆ ಹೂರಣ ತುಂಬುತ್ತಿದ್ದೆ. ಅಕ್ಕ ಬಾಗಿಲು ಮುಂದೆ ಮಾಡಿ, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಹಿಡಿದು ಕೇಳಿದಳು, "ನನ ಬಂಗಾರಾ, ಒಂದೇ ಸಲ ತಾಈ ಅನ್ನು. ಯಾರೂ ಕೇಳಂಗಿಲ್ಲ."

ತಂಗಿ ಅವಳನ್ನೇ ನೋಡಿದಳು. ಆಮೇಲೆ ಗೆದ್ದವಳ ಹಾಗೆ ನಕ್ಕು ತಲೆ ಅಲ್ಲಾಡಿಸಿದಳು. "ಅನ್ನಂಗಿಲ್ಲ. ಅಕ್ಕ."

"ಪರೀಕ್ಷೆ ಅಲ್ಲ, ಕೂಸ. ಖರೇನೇ ಕೇಳ್ಲತೀನಿ. ಅನ್ನು."

"ಅಕ್ಕ! ಅಕ್ಕ! ಅಕ್ಕ!"

ಅಕ್ಕ ಅವಳನ್ನು ಎದೆಗೆ ಒತ್ತಿಕೊಂಡಳು. ನಾನು ಹೂರಣದ ಬೋಗುಣಿ ನೋಡುತ್ತ ಕೂತೆ. ಜಗತ್ತಿನ ಎಲ್ಲ ದೊಡ್ಡವರ ಮೇಲೂ ನನಗೆ ಆಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಪಾಡ್ಯದ ಮರುದಿನ ಅಕ್ಕನ ಅತ್ತೆ ಅಪ್ಪನ ಹತ್ತಿರ ಮಾತು ತೆಗೆದರು. ಸೊಸೆ ಬಸುರಿ, ಚೊಚ್ಚಲು, ಬರುವ ಕೂಸೊಂದು, ಇದೊಂದು, ಒಬ್ಬಳೇ ಹ್ಯಾಂಗ ಸಂಭಾಳಿಸುತ್ತಾಳೆ, ಮುಂದೆ ನೋಡೋಣ. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ಹೌದು ಹೌದು ಎಂದು ತಲೆಯಾಡಿಸಿದರು. ಅಕ್ಕ ತಂಗಿಯ ಲಂಗಗಳನ್ನು ಒಂದೊಂದೇ ಮಡಿಚಿ ಟ್ರಂಕಿಗೆ ಇಟ್ಟಳು.

ವಾಪಸು ಬರುವಾಗ ಮನ್ಮಾಡಿನಲ್ಲಿ ಇಳಿದು ನಾಸಿಕ್ಕಿನ ದೊಡ್ಡ ಹಳಿಯ ಗಾಡಿಗೆ ಕಾಯಬೇಕು. ಅಪ್ಪ ನೀರು ತರಲು ಹೋದರು. ನಾವಿಬ್ಬರೂ ಪ್ಲಾಟ್‌ಫಾರ್ಮಿನ ಮೇಲೆ ಟ್ರಂಕಿನ ಮೇಲೆ ಕೂತೆವು. ಮಧ್ಯಾಹ್ನದ ಬಿಸಿಲು, ಹಳಿಗಳ ಆಚೆ ಉಳ್ಳಾಗಡ್ಡಿಯ ಚೀಲಗಳ ರಾಶಿ.

"ನಾ ಒಂದ್ ಸಲಾನೂ ತಪ್ಪಿಲ್ಲ, ಹೌದಿಲ್ಲೋ?" ಅಂದಳು ತಂಗಿ.

"ಇಲ್ಲ."

"ಅಡಗಿ ಮನ್ಯಾಗ ಕೇಳಿದಾಗೂ ತಪ್ಪಿಲ್ಲ."

"ಇಲ್ಲ," ಅಂದೆ.

ಅವಳು ಸ್ವಲ್ಪ ಹೊತ್ತು ಕಾಲು ಅಲ್ಲಾಡಿಸುತ್ತ ಕೂತಳು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಹುರುಪಿನಿಂದ ಕೇಳಿದಳು, "ಅಂದ್ರ ಅಕ್ಕನೂ ಅಲ್ಲ. ಇನ್ನ್ಯಾವ್ದೋ ಶಬ್ದ ಇರ್ಬೇಕು. ಯಾವ್ದು ಹೇಳು, ಅದ್ನೂ ಕಲೀತೀನಿ."