ಸಲ್ಯೂಷನಜ್ಜಿ ಮುಚ್ಚಿದ ಗಾಯ

ಚಪ್ಪಲಿ ರಿಪೇರಿ ಅಂಗಡಿಯ ಅಜ್ಜಿಯನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಸಲ್ಯೂಷನಜ್ಜಿ ಎಂದು. ಮೂವತ್ತು ವರ್ಷಗಳಿಂದ ಅವಳ ಸಂಗಾತಿಗಳು ದಬ್ಬಳ, ತೊಗಲು ಕೊಯ್ಯುವ ಚೂರಿ, ಅಟ್ಟೆ ಅಂಟಿಸುವ ಸಲ್ಯೂಷನ್ ಡಬ್ಬಿ. ಚೂರಿ ಜಾರಿ ಬೆರಳು ಕೊಯ್ದರೆ ಅಯ್ಯೋ ಅನ್ನುವವಳಲ್ಲ. ರಕ್ತ ಒರೆಸಿ, ಗಾಯದ ಬಾಯಿಗೆ ಎರಡು ಹನಿ ಸಲ್ಯೂಷನ್ ಬಿಟ್ಟು, ಉಫ್ ಎಂದು ಊದಿ, ಒತ್ತಿ ಹಿಡಿದು, ಮತ್ತೆ ಕೆಲಸಕ್ಕೆ ಕೂತುಬಿಡುವಳು. ಆ ಕಸುಬಿನಲ್ಲಿ ಅವಳಿಗೆ ಕಲಿಸಿದವರೂ ಹಾಗೇ ಮಾಡುತ್ತಿದ್ದರು. ಯಾರಾದರೂ ಮುಖ ಸಿಂಡರಿಸಿದರೆ, "ನಿಮ್ಮಂಥ ದಢೂತಿನ ಹೊರೋ ಅಂಟು, ನನ್ನ ತೊಗಲು ಹಿಡಿಯಲ್ವಾ?" ಎಂದು ಬಾಯಿ ಮುಚ್ಚಿಸುವಳು. ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ ಎನ್ನುವುದೇ ಅವಳಿಗೊಂದು ಜಂಬ.

ಮಗ ಲಾರಿ ಓಡಿಸುತ್ತ ವಾರಗಟ್ಟಲೆ ಹೊರಗೆ. ಸೊಸೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಐದು ವರ್ಷದ ಮೊಮ್ಮಗಳು, ಎಲ್ಲರ ಬಾಯಲ್ಲಿ ಚಿಟಿಕೆ, ಹಗಲೆಲ್ಲ ಅಜ್ಜಿಯ ಅಂಗಡಿಯಲ್ಲೇ ಬೆಳೆಯುತ್ತಿತ್ತು.

ಅಂದು ಮಧ್ಯಾಹ್ನ ಮಗು ಮೆಟ್ಟಿಲ ಮೇಲೆ ಕೂತು ಹಳೇ ಬೂಟಿಗೆ ಲೇಸು ಪೋಣಿಸುತ್ತಿತ್ತು. ಬೂದು ಬಣ್ಣದ ನಾಯಿಯೊಂದು ಬಂತು. ಬೊಗಳಲಿಲ್ಲ, ಗುರ್ರೆನ್ನಲೂ ಇಲ್ಲ. ನೇರವಾಗಿ ಬಂದು ಮಗುವಿನ ತೋಳಿಗೆ ಬಾಯಿ ಹಾಕಿ, ಒದ್ದೆ ಬಟ್ಟೆ ಒದರುವ ಹಾಗೆ ಒದರಿತು. ಚಿಟಿಕೆಯ ತಲೆ ಮೆಟ್ಟಿಲಿಗೆ ಬಡಿಯಿತು. ಅಜ್ಜಿ ಕೈಗೆ ಸಿಕ್ಕಿದ ಕಬ್ಬಿಣದ ಅಚ್ಚನ್ನು, ಬೂಟು ಸಿಕ್ಕಿಸಿ ಮೊಳೆ ಹೊಡೆಯುವ ಆ ಕಬ್ಬಿಣದ ಪಾದವನ್ನು, ಎತ್ತಿಕೊಂಡು ಹಾರಿದಳು. ಒಂದೇಟಿಗೆ ನಾಯಿ ಬಿಡಲಿಲ್ಲ. ಎಡಗೈಯನ್ನು ಅದರ ದವಡೆಗೆ ತೂರಿಸಿ ಅಗಲಿಸಿದಳು. ತೋಳು ಬಿಟ್ಟು ಅವಳ ಮಣಿಕಟ್ಟು ಕಚ್ಚಿತು. ಆಮೇಲೆ ಅಜ್ಜಿ ಹೊಡೆದ ಏಟುಗಳಿಗೆ ಲೆಕ್ಕವಿಲ್ಲ. ತಲೆಬುರುಡೆ ಬಿರಿದ ಸದ್ದು ಎದುರಿನ ಬೇಕರಿಯವನಿಗೂ ಕೇಳಿಸಿತು. ನಾಯಿ ಸತ್ತು ಬಿದ್ದ ಮೇಲೂ ಹೊಡೆಯುತ್ತಲೇ ಇದ್ದಳು. ಅವನು ಓಡಿಬಂದು ಕೈ ಹಿಡಿದುಕೊಂಡು, ಸಾಕು ಬಿಡಜ್ಜಿ, ಅದು ಹೋಗಿ ಆಯ್ತು ಎಂದು ಸಮಾಧಾನ ಮಾಡಬೇಕಾಯಿತು.

ಮಗುವಿನ ತೋಳಿನಲ್ಲಿ ಎರಡು ಆಳವಾದ ತೂತು. ಅಜ್ಜಿಗೆ ಗೊತ್ತಿದ್ದುದು ಒಂದೇ ವಿದ್ಯೆ. ಒರೆಸಿದಳು, ಸಲ್ಯೂಷನ್ ತುಂಬಿದಳು, ಊದಿದಳು, ಒತ್ತಿ ಹಿಡಿದಳು. ರಕ್ತ ನಿಂತಿತು. ಅತ್ತು ಅತ್ತು ಮಗು ನಿದ್ದೆ ಹೋಯಿತು. ತನ್ನ ಮಣಿಕಟ್ಟಿಗೂ ಅದನ್ನೇ ಬಳಿದುಕೊಂಡಳು.

ಸೊಸೆ ಬಂದಾಗ ಎರಡು ಗಂಟೆ ಕಳೆದಿತ್ತು. ಅಜ್ಜಿ ಗೆದ್ದವಳ ಹಾಗೆ ಹೇಳಿದಳು: "ಹೆದರ್ಬೇಡ. ನಾಯಿನ ಕೊಂದಿದ್ದೀನಿ, ಗಾಯಾನ ಮುಚ್ಚಿದ್ದೀನಿ."

ಸೊಸೆ ಮಗುವಿನ ತೋಳನ್ನೇ ನೋಡುತ್ತ ನಿಂತಳು. "ಕಳ್ಳನ್ನ ಒಳಗಿಟ್ಟು ಬಾಗಿಲು ಹಾಕಿದ್ದೀರಲ್ಲ, ಅತ್ತೆ."

ಅತ್ತೆಗೆ ಎಂದೂ ಎದುರಾಡದವಳು ಅವಳನ್ನು ನೂಕಿದ ರಭಸಕ್ಕೆ ಅಜ್ಜಿಯ ಬೆನ್ನು ಕಪಾಟಿಗೆ ಬಡಿದು ಬೂಟುಗಳೆಲ್ಲ ಮೈಮೇಲೆ ಉದುರಿದವು. ಅಷ್ಟರಲ್ಲಿ ಸೊಸೆ ಮಗುವನ್ನು ಹಿತ್ತಿಲ ನಲ್ಲಿಯ ಕೆಳಗೆ ಕೂರಿಸಿ, ಬಟ್ಟೆ ಸೋಪು ಹಚ್ಚಿ ತೊಳೆಯತೊಡಗಿದ್ದಳು. ಅಂಟು ತೊಗಲಿನಂತೆ ಎದ್ದು ಬಂತು. ಅದರ ಹಿಂದೆಯೇ ರಕ್ತ. ಚಿಟಿಕೆ ಕಿರುಚಿ, ಒದ್ದು, ಅಮ್ಮನ ಕೆನ್ನೆ ಪರಚಿತು. ಅವಳು ಬಿಡಲಿಲ್ಲ. "ಕಾಲು ಹಿಡ್ಕೊಳ್ಳಿ. ಗಡಿಯಾರದ ದೊಡ್ಡ ಮುಳ್ಳು ಮೂರಂಕೆ ದಾಟೋವರೆಗೂ ನೀರು ನಿಲ್ಲಬಾರದು. ಆಮೇಲೆ ನಿಮ್ಮ ಕೈ."

ತೊಳೆಯುತ್ತಲೇ ಸೊಸೆ ಹೇಳಿದಳು. ಹಿಂದಿನ ವರ್ಷ ನಾಯಿ ಕಚ್ಚಿದ್ದನ್ನು ಅಲಕ್ಷ್ಯ ಮಾಡಿದ ಗಂಡಸೊಬ್ಬ ಆಸ್ಪತ್ರೆಗೆ ಬಂದಿದ್ದನಂತೆ. ನೀರಿನ ಲೋಟ ಕಂಡರೆ ಸಾಕು, ಗಂಟಲು ಹಿಡಿದುಕೊಂಡು ಕೊಸರಾಡುತ್ತಿದ್ದ. ಅವನು ಹಲ್ಲಿನಿಂದ ಹರಿದ ಹಾಸುಗಳನ್ನು ಒಗೆದವಳು ಇವಳೇ. ಆ ಹುಚ್ಚುನಾಯಿ ಕಾಯಿಲೆ ಶುರುವಾದ ಮೇಲೆ ಮದ್ದಿಲ್ಲ ಎಂದು ಅಲ್ಲಿಯ ನರ್ಸುಗಳು ಹೇಳಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದು ನಾಯಿಯ ಬಗ್ಗೆ. ಕೊಂದೆವು ಎಂದಾಗ ಹುಬ್ಬು ಗಂಟಿಕ್ಕಿದರು. ಬದುಕಿದ್ದರೆ, ಹುಚ್ಚು ಹಿಡಿದಿದೆಯೇ ಎಂದು ದೂರದಿಂದ ಹತ್ತು ದಿನ ಗಮನಿಸಬಹುದಿತ್ತು. ಆದರೂ ಸೂಜಿಗೆ ಕಾಯುವ ಹಾಗಿರಲಿಲ್ಲ ಎಂದರು. ಗಾಯದ ಒಳಗೂ ಸುತ್ತಲೂ ಔಷಧಿ ಚುಚ್ಚಿದರು. ಮಗುವಿನ ಭುಜ ಅದುಮಿ ಹಿಡಿದವಳು ಅಜ್ಜಿಯೇ. ಸಾವಿರಾರು ತೊಗಲಿಗೆ ದಬ್ಬಳ ಚುಚ್ಚಿದವಳಿಗೆ ಆ ಸೂಜಿಯನ್ನು ನೋಡಲಾಗಲಿಲ್ಲ.

"ಹೊಲಿಯಲ್ವಾ?" ಎಂದಳು.

"ಇದು ಚಪ್ಪಲಿ ಅಲ್ಲಜ್ಜಿ. ಸದ್ಯಕ್ಕೆ ತೆರೆದೇ ಇರಲಿ."

ಇಬ್ಬರಿಗೂ ಐದೈದು ಲಸಿಕೆ: ಅಂದು, ಮೂರನೇ ದಿನ, ಏಳು, ಹದಿನಾಲ್ಕು, ಇಪ್ಪತ್ತೆಂಟು. ಒಂದನ್ನೂ ತಪ್ಪಿಸಬೇಡಿ, ಅದೇ ದಿನ ಬಂದಿರಿ ಎನ್ನುವುದೇ ದೊಡ್ಡದು ಎಂದು ಡಾಕ್ಟರಮ್ಮ ಧೈರ್ಯ ಹೇಳಿದರು. ಅಜ್ಜಿಯ ತಲೆಯಲ್ಲಿ ಕೂತದ್ದು ಮಾತ್ರ ಆ ಎರಡು ಗಂಟೆ. ಮಗು ಕೆಮ್ಮಿದರೆ ಓಡುವಳು, ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿಯುವಳು. ಸೊಸೆ ಮಾತು ಬಿಟ್ಟಿದ್ದಳು.

ಹನ್ನೊಂದನೇ ದಿನ, ಸೊಸೆ ಕೆಲಸಕ್ಕೆ ಹೋಗಿದ್ದಾಗ, ಅಜ್ಜಿ ಅರ್ಧ ಅಂಟಿಸಿದ ಅಟ್ಟೆ ಬದಿಗಿಟ್ಟು ಮಗುವಿಗೆ ನೀರು ಕೊಟ್ಟಳು. ಚಿಟಿಕೆ ಮುಖ ತಿರುಗಿಸಿತು. ಇನ್ನೊಮ್ಮೆ ಒಡ್ಡಿದಳು. ಮಗು ಲೋಟವನ್ನು ತಳ್ಳಿ ಮೂಲೆಗೆ ಸರಿಯಿತು.

ನೀರಿನ ಲೋಟ ಕಂಡು ಕೊಸರಾಡಿದ ಆ ಗಂಡಸು ಅಜ್ಜಿಯ ಕಣ್ಣಿಗೆ ಕಟ್ಟಿದ. ಹಾರಿ ಹಿಡಿದು, ನಾಯಿಯ ದವಡೆ ಅಗಲಿಸಿದ ಅದೇ ಬೆರಳುಗಳಿಂದ ಮಗುವಿನ ದವಡೆ ಅಗಲಿಸಿ ನೀರು ಸುರಿದಳು. ಮಗುವಿಗೆ ನೆತ್ತಿಗೆ ಹತ್ತಿತು. ಕೊಸರಿತು, ಕೆಮ್ಮಿತು, ಗುಟುಕ್ ಎಂದು ನುಂಗಿತು. ನುಂಗಿದ್ದೇ ಅಜ್ಜಿಯ ಕೆನ್ನೆಗೆ ಫಟಾರನೆ ಬಾರಿಸಿತು.

"ಬೇಡ ಅಂದ್ನಲ್ಲ. ನಿನ್ನ ಕೈ ಸಲ್ಯೂಷನ್ ವಾಸನೆ. ನೀರೂ ಅದೇ ವಾಸನೆ."

ನುಂಗಿತು. ನೀರು ನುಂಗಿತು. ಅಜ್ಜಿ ಅಲ್ಲೇ ಕುಸಿದು ಕೂತು, ಉರಿಯುವ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹೊಡೆದದ್ದು ಹೆಚ್ಚಾಯಿತೇನೋ ಎಂದು ಮಗು ಹತ್ತಿರ ಬಂದು ಸೆರಗು ಎಳೆಯಿತು. ಅಜ್ಜಿ ಎದ್ದು ನಲ್ಲಿಯ ಹತ್ತಿರ ಹೋಗಿ ಸೋಪು ತೆಗೆದುಕೊಂಡಳು. ಚಿಟಿಕೆ ಬಾಗಿಲಲ್ಲಿ ನಿಂತು ಕಾವಲು ಕಾಯಿತು. ಮುಳ್ಳು ಇನ್ನೂ ಎರಡೇ ಅಂಕೆ ದಾಟಿದೆ, ಕೈ ತೆಗೀಬೇಡ ಎಂದು ಗದರಿತು.

ಆಮೇಲೆ ಆ ಕೈಯಿಂದಲೇ ಎರಡು ಲೋಟ ನೀರು ಕುಡಿಯಿತು. ಮೂರು ದಿನ ಬಿಟ್ಟು ನಾಲ್ಕನೇ ಸೂಜಿ. ಹೋಗುವಾಗ ಸೋಪು ಚೀಲಕ್ಕೆ ಹಾಕಿಕೊಂಡಳು ಅಜ್ಜಿ, ಯಾತಕ್ಕೆ ಎಂದು ಅವಳಿಗೇ ಗೊತ್ತಿರಲಿಲ್ಲ. ಸೊಸೆ ಅದನ್ನು ನೋಡಿ, ಹದಿನಾಲ್ಕು ದಿನಗಳ ಮೇಲೆ ಮೊದಲ ಮಾತಾಡಿದಳು: "ಅದು ಒದ್ದೆ ಇದೆ ಅತ್ತೆ, ಕಾಗದ ಸುತ್ತಿ ಇಡಿ."