ಹಿಂದಿನ ಕೋಲು ಕೈಬಿಟ್ಟ ದಿನ

ಏ ಅರಳಿಕಟ್ಟೆ ಮೇಲೆ ಕುಂತೋರೇ! ಸೈಕಲ್ ನಿಲ್ಸಿಕಂಡು ಹರಟೆ ಹೊಡೀತಿರೋರೇ! ಒಂಚೂರು ಇತ್ಲಾಗೆ ಕಿವಿ ಕೊಡ್ರಿ, ನಮ್ಮಜ್ಜಿ ಸಿದ್ದಕ್ಕ ಹದಿಮೂರು ಮೈಲಿ ಓಡಿದ ಕತೆ ಹೇಳ್ತೀನಿ!

ಎಪ್ಪತ್ತನಾಲ್ಕನೇ ಇಸವಿ. ಆಗ ಅವಳು ಅಜ್ಜಿಯಲ್ಲ, ಹರಿಯಬ್ಬೆಯ ಕುರಿಗಾರರ ಮನೆಯ ಸೊಸೆ, ಇಪ್ಪತ್ತು ದಾಟಿದ ಹುಡುಗಿ. ಕುರಿ ಹೊಡೆದುಕೊಂಡು ಊರು ಬಿಟ್ಟರೆ ಆ ಮನೆಯವರು ನಡೆಯುವುದಕ್ಕೆ ಒಂದು ಕ್ರಮವಿತ್ತು. ಮುಂದೆ ಗಂಡ ಬೀರಪ್ಪ, ಅವನ ಪಕ್ಕದಲ್ಲಿ ಕತ್ತೆಯ ಮೇಲೆ ಪಾತ್ರೆ ಹೇರಿಕೊಂಡು ಅತ್ತೆ ಏಕನಾಥಮ್ಮ. ನಡುವೆ ಮೈದುನ ಗುಡ್ಡಪ್ಪ. ಎಲ್ಲರಿಗಿಂತ ಗಟ್ಟಿ ಕಾಲಿನವರು ಕಟ್ಟಕಡೆಗೆ. ಕುಂಟುವ ಮರಿಯನ್ನು ಎತ್ತಿಕೊಳ್ಳುವುದು, ಬೇಲಿಗೆ ಸಿಕ್ಕ ಕುರಿಯನ್ನು ಬಿಡಿಸುವುದು, ಎಲ್ಲ ಅವರದೇ ಜವಾಬ್ದಾರಿ. ಆ ಕಡೆಯವರ ಕೈಯಲ್ಲಿ ಒಂದು ಜಾಲಿಕೋಲು ಇರುತ್ತಿತ್ತು. ಕೋಲು ಹಿಡಿದವರು ಮುಂದಿನವರನ್ನು ದಾಟುವಂತಿಲ್ಲ. ದಾಟಬೇಕೆಂದರೆ ಇನ್ನೊಬ್ಬರು ಬಂದು ಆ ಕೋಲನ್ನು ತಮ್ಮ ಕೈಗೆ ತೆಗೆದುಕೊಳ್ಳಬೇಕು.

ಮದುವೆಯಾದಂದಿನಿಂದ ಕೋಲು ಸಿದ್ದಕ್ಕನದೇ. ಹಾಗಾಗಿ ಧೂಳೂ ಅವಳದೇ. ಕಟ್ಟೆಗೆ ಹೋದರೆ ಕುರಿಗಳೆಲ್ಲ ಕುಡಿದು, ತುಳಿದು, ರಾಡಿ ಮಾಡಿದ ನೀರು. ರಾತ್ರಿ ತಂಗುವ ಬೀಡಿಗೆ ಬಂದರೆ ತಣ್ಣಗಾಗಿ ಕಲ್ಲಾದ ಮುದ್ದೆ. ಎಲ್ಲರೂ ಬಿಸಿ ಮುದ್ದೆ ಉಂಡು ತೇಗುವ ಹೊತ್ತಿಗೆ ಇವಳು ಕಂಬಳಿಯಲ್ಲಿ ಎರಡು ಮರಿ ಹೊತ್ತು ಬಂದು ಸೇರುತ್ತಿದ್ದಳು.

ಆ ವರ್ಷ ಗುಡ್ಡಪ್ಪ ಹಿಂಡನ್ನೂ ಕತ್ತೆಯನ್ನೂ ಹೊಡೆದುಕೊಂಡು ಮೊದಲೇ ಮಾರಿಕಣಿವೆಗೆ ಹೋಗಿದ್ದ. ಉಳಿದ ಮೂವರು ಹಿರಿಯೂರು ಸಂತೆಯಲ್ಲಿ ಉಣ್ಣೆ ಮಾರಿ ಕುಳಿತಿದ್ದಾಗ, ಸೈಕಲ್ ಶಾಪಿನ ನಜೀರ್ ಅಹಮದ್ ತಗಡಿನ ಕೊಳವೆ ಬಾಯಿಗಿಟ್ಟುಕೊಂಡು ಕೂಗುತ್ತ ಬಂದ. ಪೇಟೆಯ ಯುವಕ ಸಂಘದವರು ಮಾರನೇ ದಿನ ಬೆಳಿಗ್ಗೆ ಓಟ ಇಟ್ಟಿದ್ದರು. ಹೆಸರು ಹಾಫ್ ಮ್ಯಾರಥಾನ್. ಹಿರಿಯೂರಿನಿಂದ ಮಾರಿಕಣಿವೆ ಅಣೆಕಟ್ಟೆಯವರೆಗೆ, ಮನೆಮಂದಿ ಮೂವರು ಸೇರಿ ಓಡಬೇಕು.

"ನಾವು ಹೆಂಗಿದ್ರೂ ಅತ್ಲಾಗೇ ಹೋಗ್ಬೇಕಲ್ಲ, ಓಡ್ಕಂಡೇ ಹೋಗಾಣ," ಎಂದ ಬೀರಪ್ಪ.

"ನಡಿಯೋ ದಾರೀನ ಓಡಾಕೆ ಯಾರನ್ನಾರ ಕೇಳ್ಬೇಕಾ?" ಎಂದಳು ಏಕನಾಥಮ್ಮ.

ಸಿದ್ದಕ್ಕ ಕೋಲನ್ನು ನೆಲಕ್ಕೆ ಕುಟ್ಟಿದಳು. "ನಾನು ನಿಮಗಿಂತ ಮುಂಚೆ ಕಟ್ಟೆ ಮುಟ್ಟಿದ್ರೆ?"

ಬೀರಪ್ಪ ನಕ್ಕ. "ಮುಟ್ಟಿದ್ರೆ ಈ ಸಲ ನೀನು ಮುಂದೆ ನಡಿ. ಕೋಲು ನಾನು ಹಿಡೀತೀನಿ. ಮುಟ್ದಿದ್ರೆ ಇನ್ಮ್ಯಾಲೆ ಮುದ್ದೆ ತಣ್ಣಗೈತೆ ಅನ್ನೋ ಮಾತೇ ಎತ್ಬಾರ್ದು, ತಿಳೀತಾ?"

"ತಿಳೀತು."

ಬೆಳಿಗ್ಗೆ ನಜೀರ್ ಸೀಟಿ ಊದಿದ. ವಕೀಲರ ಮನೆಯವರು, ಬ್ಯಾಂಕಿನವರು, ಬಿಳಿ ಕ್ಯಾನ್ವಾಸ್ ಬೂಟಿನ ಕಾಲೇಜು ಹುಡುಗರು ಎಲ್ಲರೂ ದಡದಡನೆ ಹೊರಟರು. ಬೀರಪ್ಪ ಪಂಚೆ ಎತ್ತಿ ಕಟ್ಟಿ ಮುಂದಿನ ಗುಂಪಿಗೇ ಸೇರಿಕೊಂಡ. ಏಕನಾಥಮ್ಮ ನಡುವಿನವರ ಜೊತೆ ಹೊರಟಳು. ಸಿದ್ದಕ್ಕನೂ ಸೀರೆಯ ನೆರಿಗೆ ಸಿಕ್ಕಿಸಿಕೊಂಡಳು. ಆದರೆ ಅಭ್ಯಾಸ ಬಿಡುತ್ತದೆಯೇ? ಕೋಲು ಕೈಯಲ್ಲೇ ಇತ್ತು. ಎಲ್ಲರೂ ಮುಂದೆ ಹೋಗುವವರೆಗೆ ಅವಳ ಕಾಲು ಏಳಲೇ ಇಲ್ಲ.

ಪೇಟೆ ದಾಟಿ ಚಾನಲ್ ದಂಡೆಯ ರಸ್ತೆಗೆ ಬರುವಷ್ಟರಲ್ಲಿ ಕೆಲವರು ಕುಂಟತೊಡಗಿದರು. ಒಬ್ಬ ಗುಮಾಸ್ತ ಹುಣಸೆಮರದ ಕೆಳಗೆ ಪಕ್ಕೆ ಹಿಡಿದುಕೊಂಡು ಕೂತಿದ್ದ. ಸಿದ್ದಕ್ಕ ಅವನ ಮುಂದೆ ಕೋಲಾಡಿಸಿ, "ಹುರ್ರ್ ಹೋ! ಏಳಣ್ಣ, ಇಲ್ಲಿ ಕುಂತ್ರೆ ಮೈ ಹಿಡ್ಕಂತದೆ," ಎಂದಳು. ಅವನು ಎದ್ದು ಓಡಿದ. ಆಮೇಲೆ ಇಬ್ಬರು ಕಾಲೇಜು ಹುಡುಗರು ಸಿಕ್ಕರು, ಅವರೂ ಓಡಿದರು. ಸಿದ್ದಕ್ಕ ಮಾತ್ರ ಅವರ ಹಿಂದೆಯೇ, ಒಬ್ಬರನ್ನೂ ದಾಟದೆ, ಹುರ್ರ್ ಹೋ ಎನ್ನುತ್ತ ಬಂದಳು.

ಸೈಕಲ್ ಮೇಲೆ ಹಿಂದೆ ಮುಂದೆ ಓಡಾಡುತ್ತಿದ್ದ ನಜೀರ್ ಬ್ರೇಕು ಹಾಕಿದ. "ಅರೆ, ಏನಮ್ಮಾ ಇದು? ಓಟಾನೋ, ಸಂತೆಗೆ ಕುರಿ ಹೊಡ್ಕಂಡು ಹೋಗ್ತಿದೀಯೋ?"

"ಕಾಕಾ, ನಮ್ಮೋರು ಎಲ್ಲಿದಾರೆ?"

"ನಿನ್ ಗಂಡಾನಾ? ಆತ ಆಗ್ಲೇ ಒಂದು ಮೈಲಿ ಮುಂದೆ ಹೋದ. ಕೋಲು ಬಿಸಾಕಿ ಓಡು ತಾಯಿ!"

ಬಿಸಾಕುವುದೇ? ಹಿಂದಿನ ಕೋಲನ್ನು ರಸ್ತೆಯಲ್ಲಿ ಎಸೆದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಉಸಿರು ಬೇಕಾದಷ್ಟಿತ್ತು, ಕಾಲಲ್ಲಿ ಕಸುವಿತ್ತು. ಆದರೂ ಮುಂದಿನ ಗುಮಾಸ್ತನ ಬೆನ್ನು ಹತ್ತಿರವಾದ ಕೂಡಲೇ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು. ಇನ್ನು ಜೀವಮಾನವೆಲ್ಲ ತಣ್ಣನೆ ಮುದ್ದೆಯೇ ಗತಿ ಎಂದುಕೊಂಡಳು. ಅಳು ಬಂತು, ಅದರ ಜೊತೆಗೆ ಸಿಟ್ಟೂ ಬಂತು.

ಮುಂದಿನ ಮೋರಿಯ ಮೇಲೆ ಏಕನಾಥಮ್ಮ ಕಾಲು ಇಳಿಬಿಟ್ಟು ಕೂತಿದ್ದಳು. ಸಿದ್ದಕ್ಕ ಓಡಿಹೋಗಿ ಅವಳ ಮುಂದೆ ಬಗ್ಗಿದಳು.

"ಏನಾತು ಅತ್ತೆ? ಕಾಲು ಉಳುಕ್ತಾ? ಎತ್ಕಳ್ಳಾ?"

"ನಾನೇನು ಕುಂಟ ಮರೀನಾ, ಎತ್ಕಳಾಕೆ? ಕೋಲು ಕೊಡು ಇತ್ಲಾಗೆ."

"ಕಾಲು ನೋಯ್ತಿಲ್ವಾ?"

"ಯಾವ ಕಾಲು?" ಎಂದಳು ಏಕನಾಥಮ್ಮ. "ನಿನ್ನ ಕಾಯ್ತಾ ಕುಂತು ಕುಂಡಿ ನೋಯ್ತೈತೆ. ನೀನು ಬರಾಕ್ ಮುಂಚೆ ಈ ಕೋಲು ಯಾರ ಕೈಯಾಗಿತ್ತು ಅಂದ್ಕಂಡೆ? ನಿಮ್ಮಾವ ಹಿಂಗೇ ಮುಂದೆ, ನಾನು ಹಿಂಗೇ ಹಿಂದೆ. ನನ್ನತ್ತೆ ಬದುಕಿರೋತನಕ ಒಂದು ಬಿಸಿ ಮುದ್ದೆ ಕಂಡಿಲ್ಲ. ಹೋಗು, ಹಿಂದ್ಲದ್ದು ನಾನು ನೋಡ್ಕಂತೀನಿ."

ಕೋಲು ಕೈ ಬದಲಾಯಿತು. ಖಾಲಿ ಕೈಯನ್ನು ಎಲ್ಲಿಡುವುದೆಂದು ಸಿದ್ದಕ್ಕನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಓಡಿದಳು. ಗುಮಾಸ್ತನನ್ನು ದಾಟಿದಳು. ದಾಟಿದ ಮೇಲೆ ತಿರುಗಿ ನೋಡಿ ಒಮ್ಮೆ ನಕ್ಕಳು, ಅಷ್ಟು ಹೊಸದು ಆ ಸುಖ. ಬ್ಯಾಂಕಿನವರನ್ನೂ ವಕೀಲರ ಮಗನನ್ನೂ ದಾಟಿದಳು. ಕಣಿವೆಯ ಏರು ಶುರುವಾದಾಗ ಉಳಿದವರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಮರಿ ಹೊತ್ತು ಗುಡ್ಡ ಹತ್ತಿದವಳಿಗೆ ಬರಿಗೈಯಲ್ಲಿ ಅದೇನು ಏರು!

ಕಟ್ಟೆ ಕಾಣುವ ತಿರುವಿನಲ್ಲಿ ಬೀರಪ್ಪನ ಬೆನ್ನು ಕಂಡಿತು. ಹೆಜ್ಜೆಯ ಸದ್ದಿಗೆ ಅವನು ಪಕ್ಕಕ್ಕೆ ನೋಡಿದ. ಹೆಂಡತಿ ಸರಿಗಟ್ಟಿಬಿಟ್ಟಳಲ್ಲಾ ಎಂದು ಅವನಿಗೆ ಅನಿಸಲೇ ಇಲ್ಲ. ಅವನ ಕಣ್ಣು ಹೋಗಿದ್ದು ಅವಳ ಖಾಲಿ ಕೈಗೆ.

"ಕೋಲೆಲ್ಲೇ? ಹಿಂದ್ಯಾರು ಅದಾರೆ?" ಎಂದು ಗಾಬರಿಯಿಂದ ನಿಂತು, ಹೊರಳಿ ರಸ್ತೆಯುದ್ದಕ್ಕೂ ನೋಡಿದ. ಮೂರು ತಲೆಮಾರಿನ ಕುರಿಗಾರ. ಹಿಂದೆ ಯಾರೂ ಇಲ್ಲವೆಂದರೆ ಅವನ ಕಾಲು ಮುಂದೆ ಹೋಗದು.

"ನಿಮ್ಮವ್ವ ಅದಾಳೆ!" ಎಂದು ಸಿದ್ದಕ್ಕ ಕೂಗಿದಳು. ಆದರೆ ಆ ಮಾತು ಬಂದದ್ದು ಅವನ ಮುಂದಿನಿಂದ. ಅವನು ತಿರುಗಿ ಓಡುವಷ್ಟರಲ್ಲಿ ಅವಳು ಕಟ್ಟೆಯ ಕಲ್ಲು ಮುಟ್ಟಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

"ಇದು ಮೋಸ! ನಾನು ಹಿಂದೆ ನೋಡ್ತಿದ್ದೆ!"

"ನಾನು ದಿನಾ ನೋಡ್ತೀನಲ್ಲ, ಯಾರಾರ ನಿಂತ್ಕಂಡಿದ್ರಾ?"

ಸಂಘದ ಬಹುಮಾನ ಯಾರಿಗೆ ಬಂತೋ, ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಬಹಳ ಹೊತ್ತಾದ ಮೇಲೆ ಏಕನಾಥಮ್ಮ ಗುಮಾಸ್ತನನ್ನೂ ಇಬ್ಬರು ಹುಡುಗರನ್ನೂ ಮುಂದೆ ಮಾಡಿಕೊಂಡು, ಹುರ್ರ್ ಹೋ ಎನ್ನುತ್ತ ಬಂದಳು. ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು, ಕೋಲನ್ನು ಮಗನ ಕೈಗೆ ಇಟ್ಟಳು.

ಬಿಸಿಲು ಇಳಿದ ಮೇಲೆ, ಗುಡ್ಡಪ್ಪ ಕಾಯುತ್ತಿದ್ದ ಹಿಂಡು ಹೊಸದುರ್ಗದ ಕಡೆಗೆ ಹೊರಟಿತು. ಮುಂದೆ ಸಿದ್ದಕ್ಕ. ಧೂಳಿಲ್ಲದ ದಾರಿ ಎಷ್ಟು ಉದ್ದ ಕಾಣುತ್ತದೆಂದು ಅವಳಿಗೆ ಅವತ್ತು ಗೊತ್ತಾಯಿತು. ಬೀಡಿನ ಹತ್ತಿರದ ಕಟ್ಟೆಯಲ್ಲಿ ಕುರಿಗಳು ಬಾಯಿ ಹಾಕುವ ಮೊದಲೇ ಬೊಗಸೆ ತುಂಬ ತಿಳಿನೀರು ಕುಡಿದಳು. ಅತ್ತೆ ಒಲೆ ಹೂಡಿ ಮುದ್ದೆ ತಿರುವಿದಳು. ಹೊಗೆಯಾಡುವ ಮುದ್ದೆಯನ್ನು ಮುರಿಯಲು ಹೋಗಿ ಸಿದ್ದಕ್ಕ ಬೆರಳು ಸುಟ್ಟುಕೊಂಡಳು.

"ಆರಿಸ್ಕಂಡು ತಿನ್ನೇ," ಎಂದಳು ಏಕನಾಥಮ್ಮ.

"ಬ್ಯಾಡ ಅತ್ತೆ. ಆರಿದ್ದು ಬೇಕಾದಷ್ಟು ತಿಂದೀನಿ."

ಉಂಡು ಕಂಬಳಿ ಹಾಸಿ ಅಡ್ಡಾದಳು. ಮುಸ್ಸಂಜೆಯಲ್ಲಿ ಬೀರಪ್ಪ ರೆಪ್ಪೆಯವರೆಗೂ ಧೂಳು ಮೆತ್ತಿಕೊಂಡು, ಹೆಗಲಿಗೆರಡು ಮರಿ ಹೊತ್ತು ಬಂದ.

"ಲೇ ಸಿದ್ದೀ, ಮುದ್ದೆ ಕಲ್ಲಾಗೈತಲ್ಲೇ! ಕೇಳುಸ್ತೇನೇ?"

ಸಿದ್ದಕ್ಕ ಕಂಬಳಿಯನ್ನು ಮುಖದ ಮೇಲಕ್ಕೆ ಎಳೆದುಕೊಂಡಳು.