ಉಡಿಯೊಡ್ಡಿದ ನಾಲ್ಕನೇ ಭಾನುವಾರ

ನವೆಂಬರ್ ಬಂತೆಂದರೆ ನೆದರ್ಲೆಂಡ್ಸಿನ ನಮ್ಮ ಕಾಪೆಲ್ಲೆಯ ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲೇ ಸೇಬಿನ ರಾಶಿ ಬೀಳುತ್ತದೆ. ಇಲ್ಲಿಯದೇ ತೋಟದ ಸೇಬು. ಮೈಮೇಲೆ ಕಂದು ಚುಕ್ಕೆ, ನೋಡಲು ಅಷ್ಟೇನೂ ಚೆಂದವಿಲ್ಲ, ತಿಂದರೆ ಬಲು ರುಚಿ. ಅದನ್ನು ಕಂಡಾಗಲೆಲ್ಲ ನನಗೆ ಕೆಲವು ವರ್ಷಗಳ ಹಿಂದಿನ ಒಂದು ಚಳಿಗಾಲ ನೆನಪಾಗುತ್ತದೆ. ಸ್ವಲ್ಪ ನಾಚಿಕೆಯೂ ಆಗುತ್ತದೆ.

ಆ ವರ್ಷ ಅಕ್ಟೋಬರಿನ ಕೊನೆಗೆ ನನ್ನ ಕೆಲಸ ಹೋಯಿತು. ಯುಟ್ರೆಕ್ಟಿನ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಪ್ರಾಜೆಕ್ಟ್ ಮುಚ್ಚಿತು, ನಮ್ಮನ್ನೂ ಕಳಿಸಿದರು. ನಾನು, ನನ್ನ ಗಂಡ, ಎಂಟು ವರ್ಷದ ಮಗಳು, ಮೂವರೂ ಈ ದೇಶದಲ್ಲಿ ಇರುವ ಪರವಾನಗಿ ನಿಂತಿದ್ದದ್ದು ಆ ಒಂದು ಕೆಲಸದ ಮೇಲೆ. ಹೊಸದು ಹುಡುಕಿಕೊಳ್ಳಲು ಮೂರು ತಿಂಗಳು. ಜನವರಿ ಮುಗಿಯುವುದರೊಳಗೆ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಮಗಳು ಕನಸಿನಲ್ಲೂ ಡಚ್ ಮಾತಾಡುತ್ತಿದ್ದಳು. ಅವಳಿಗೆ ಏನು ಹೇಳುವುದು? ಹುಬ್ಬಳ್ಳಿಯಲ್ಲಿದ್ದ ಅವ್ವನಿಗೂ ಹೇಳಲಿಲ್ಲ. ಪ್ರತಿದಿನ ಫೋನಿನಲ್ಲಿ ಆಫೀಸು ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತಿದ್ದೆ.

ಆ ವಾರವೇ ಅವ್ವ ಕೇಳಿದಳು, "ಸುಗ್ಗಿ ಹಬ್ಬಕ್ಕ ಏನ್ ಒಯ್ತಿ? ಬರಿಗೈಲೆ ದೇವರ ಮುಂದ ಹೋಗಬ್ಯಾಡವಾ."

ಹುಬ್ಬಳ್ಳಿಯ ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬ ಎಂದರೆ ಕ್ರಿಸ್ಮಸ್ಸಿಗಿಂತ ಒಂದು ಕೈ ಮೇಲೆ. ಹೊಲವಿದ್ದವರು ಜೋಳದ ತೆನೆ, ಕಡಲೆ ಗಿಡ ತರುತ್ತಿದ್ದರು. ಹೊಲವಿಲ್ಲದವರು ಹಿತ್ತಲಲ್ಲಿ ಬೆಳೆದ ಬದನೆಕಾಯಿ, ಮನೆಯಲ್ಲಿ ಮಾಡಿದ ಕರ್ಚಿಕಾಯಿ, ಕಾಲು ಕಟ್ಟಿದ ಕೋಳಿ. ಪ್ರಸಂಗದ ನಡುವೆ ಆ ಕೋಳಿ ಕೂಗಿದರೆ ಸಭಾಪಾಲಕರು ಒಂದು ಗಳಿಗೆ ನಿಲ್ಲಿಸಿ, ಅದಕ್ಕೂ ಸ್ತೋತ್ರ ಹೇಳಲು ಬಿಟ್ಟು, ಮುಂದುವರಿಸುತ್ತಿದ್ದರು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು. ದೇವರಿಗೆ ಕೊಟ್ಟದ್ದನ್ನೆಲ್ಲ ಹರಾಜು ಕೂಗುವುದು. ಕೂಗುತ್ತಿದ್ದವನು ನಮ್ಮಪ್ಪ. ಒಂದು ನಿಂಬೆಹಣ್ಣನ್ನು ಎತ್ತಿ ಹಿಡಿದು ಅದು ಚಿನ್ನದ ಗುಂಡೇನೋ ಎಂಬಂತೆ ಕೂಗಿ, ಜಿಪುಣರ ಕೈಯನ್ನೂ ಬಿಚ್ಚಿಸುತ್ತಿದ್ದ. ಗೆದ್ದವರು ಅದನ್ನು ಮತ್ತೆ ಚರ್ಚಿಗೇ ಕೊಡುವರು, ಅಪ್ಪ ಮತ್ತೆ ಕೂಗುವನು.

ಅಪ್ಪ ದುಡಿಯುತ್ತಿದ್ದ ಮಿಲ್ಲು ಮುಚ್ಚಿದ ವರ್ಷ ನಮ್ಮಲ್ಲಿ ಕೊಡಲು ಇದ್ದದ್ದು ಮನೆಯ ತಗಡಿನ ಮೇಲೆ ಹಬ್ಬಿದ್ದ ಬಳ್ಳಿಯ ಒಂದೇ ಕುಂಬಳಕಾಯಿ. ಅಪ್ಪ ತನ್ನದೇ ಕಾಯಿಯನ್ನು ತಾನೇ ಲಿಲಾವು ಕೂಗಿದ. ಮಿಲ್ಲಿನ ಅವನ ಗೆಳೆಯನೊಬ್ಬ ಅದನ್ನು ಕೊಂಡ. ಸಂಜೆ ನೋಡಿದರೆ ಕಾಯಿ ನಮ್ಮ ಹೊಸ್ತಿಲ ಮೇಲೆ, ಜೊತೆಗೆ ಒಂದು ಚೀಲ ಜೋಳ. ಅಪ್ಪನ ಮುಖ ಕೆಂಪಾಯಿತು. ಎರಡನ್ನೂ ಹೆಗಲ ಮೇಲೆ ಹೊತ್ತು ಹೋಗಿ ಹಿಂದಿರುಗಿಸಿ ಬಂದ. ಅಂದು ನಾವು ಬರೀ ಅಂಬಲಿ ಕುಡಿದು ಮಲಗಿದೆವು. ನನಗೆ ಅಪ್ಪನ ಬಗ್ಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಹಸಿವೇ ತಿಳಿಯಲಿಲ್ಲ. ಆ ಸಿಟ್ಟನ್ನು ನಾನು ಆಸ್ತಿಯ ಹಾಗೆ ಪಡೆದುಕೊಂಡೆ.

ನಮ್ಮ ಬೀದಿಯ ತುದಿಯಲ್ಲಿರುವ ಡಚ್ ಚರ್ಚಿನಲ್ಲಿ ನವೆಂಬರಿನ ಮೊದಲ ಬುಧವಾರ ಸ್ತೋತ್ರದ ದಿನ. ಬೆಳೆಗೂ ದುಡಿಮೆಗೂ ದೇವರಿಗೆ ವಂದನೆ ಹೇಳುವ ಸಂಜೆ. ಅದುವರೆಗೆ ಒಂದು ವರ್ಷವೂ ನಾನು ಹೋಗಿರಲಿಲ್ಲ. ಬುಧವಾರ ಸಂಜೆ ನಾನು ಯುಟ್ರೆಕ್ಟಿನ ರೈಲಿನಲ್ಲಿ ಜೋತಾಡುತ್ತಿರುತ್ತಿದ್ದೆ. ದುಡಿಮೆಗೆ ಸ್ತೋತ್ರ ಹೇಳುವ ಆರಾಧನೆಗೆ ಬಿಡುವಾದದ್ದು ದುಡಿಮೆ ಹೋದ ಮೇಲೆ! ದೇವರಿಗೂ ತಮಾಷೆಯ ಸ್ವಭಾವವಿದೆ ಎಂದು ಹಲ್ಲು ಕಚ್ಚಿಕೊಂಡೇ ಮಗಳೊಂದಿಗೆ ಹೊರಟೆ.

ಒಯ್ಯಲು ಒಂದೇ ಬೆಳೆಯಿತ್ತು. ಊರಿನಿಂದ ತಂದ ಬ್ಯಾಡಗಿ ಬೀಜ ಹಾಕಿ ಬಾಲ್ಕನಿಯ ಕುಂಡದಲ್ಲಿ ಬೆಳೆಸಿದ ಮೆಣಸಿನ ಗಿಡ. ಬೇಸಿಗೆಯೆಲ್ಲ ಮುದ್ದು ಮಾಡಿಸಿಕೊಂಡು ಬಿಟ್ಟದ್ದು ಹದಿನಾಲ್ಕು ಕಾಯಿ. ಎಲ್ಲವನ್ನೂ ಕೊಯ್ದು ಸಣ್ಣ ಬುಟ್ಟಿಯಲ್ಲಿಟ್ಟು, ಚರ್ಚಿನ ಮುಂದಿನ ಮೇಜಿನ ಮೇಲೆ ಹಣ್ಣಿನ ಬುಟ್ಟಿಗಳ ನಡುವೆ ಇಟ್ಟು ಬಂದೆ.

ಪ್ರಸಂಗ ಶುರುವಾಗುವ ಹೊತ್ತಿಗೆ ಪಕ್ಕದವರು ಇಲ್ಲಿಯ ರೂಢಿಯಂತೆ ಪೆಪ್ಪರ್‌ಮಿಂಟ್ ದಾಟಿಸಿದರು. ಅದನ್ನು ಚೀಪುತ್ತ, ಮುಗಿದ ಮೇಲೆ ಲಿಲಾವಿನಲ್ಲಿ ನನ್ನ ಮೆಣಸಿನಕಾಯಿಯನ್ನು ಯಾರು ಕೊಂಡಾರು ಎಂದು ಯೋಚಿಸುತ್ತ ಕೂತಿದ್ದೆ. ಕೊನೆಯ ಹಾಡು ಮುಗಿದದ್ದೇ ತಡ, ಮಕ್ಕಳೆಲ್ಲ ಓಡಿ ಹೋಗಿ ಬುಟ್ಟಿಗಳನ್ನು ಎತ್ತಿಕೊಂಡು ಬಾಗಿಲ ಕಡೆ ಹೊರಟರು. ನಾನು ಎದ್ದು ನಿಂತು ನನ್ನ ಅರೆಬರೆ ಡಚ್ಚಿನಲ್ಲಿ ಕೂಗಿಯೇಬಿಟ್ಟೆ: "ತಡೀರಿ, ಇನ್ನೂ ಹರಾಜು ಆಗಿಲ್ಲ!"

ಇಡೀ ಚರ್ಚು ತಿರುಗಿ ನೋಡಿತು. ದಿನಬೆಳಗಾದರೆ ಹೂವನ್ನು ಹರಾಜು ಹಾಕುವ ದೇಶ ಇದು, ಆದರೆ ಚರ್ಚಿನಲ್ಲಿ ಹರಾಜೇ? ಕೆಲವರು ನಕ್ಕರು. ಸಭಾಪಾಲಕಿ ಮೆಲ್ಲಗೆ ಬಂದು, ಈ ಬುಟ್ಟಿಗಳು ಮುದುಕರಿಗೆ, ಕಾಯಿಲೆಯವರಿಗೆ, ಕಷ್ಟದಲ್ಲಿರುವವರಿಗೆ ಹೋಗುತ್ತವೆ, ಪ್ರತಿ ಬುಟ್ಟಿಗೂ ಒಂದು ಚೀಟಿಯಿದೆ ಎಂದು ವಿವರಿಸಿದರು. ಅಷ್ಟರಲ್ಲಿ ಒಬ್ಬ ಪುಟ್ಟ ಹುಡುಗಿ ಸೇಬಿನ ಬುಟ್ಟಿಯೊಂದನ್ನು ನನ್ನ ಮುಂದೆ ಚಾಚಿದಳು. ಚೀಟಿಯಲ್ಲಿ ಇದ್ದದ್ದು ನಮ್ಮ ಮನೆಯ ಹೆಸರು.

ನನ್ನ ಮೈಯೆಲ್ಲ ಉರಿಯಿತು. "ತಪ್ಪಾಗಿದೆ. ನಾವು ಕಾಯಿಲೆಯವರಲ್ಲ" ಎಂದು ಬುಟ್ಟಿಯನ್ನು ಮೇಜಿನ ಮೇಲೆ ಕುಕ್ಕಿ, ಮಗಳ ಕೈ ಹಿಡಿದು ಹೊರಗೆ ಬಂದೆ. ತುಂತುರಿನಲ್ಲಿ ಸೈಕಲ್ ತುಳಿಯುತ್ತ ಮಗಳು ಡಚ್ಚಿನಲ್ಲಿ ಗೊಣಗಿದಳು, ಸೇಬು ಚೆನ್ನಾಗಿದ್ದವು ಎಂದು. ಮನೆಯಲ್ಲಿ ಗಂಡ ಎಲ್ಲ ಕೇಳಿ, "ನಿನ್ ಕೋಪ ಮೂಗಿನ್ ತುದೀಲೇ ಕೂತಿರತ್ತೆ ಕಣೇ. ಆ್ಯಪಲ್ ಏನ್ ಮಾಡಿತ್ತು ನಿಂಗೆ?" ಅಂದ. ನಾನು ಅವನೊಂದಿಗೆ ಎರಡು ದಿನ ಮಾತು ಬಿಟ್ಟೆ.

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಮಧ್ಯಾಹ್ನ ನಮ್ಮ ಬಾಗಿಲ ಗಂಟೆ ಬಾರಿಸಿತು. ಎದುರು ಕಟ್ಟಡದ ಅಜ್ಜಿ. ಎಂಬತ್ತು ದಾಟಿದ ವಯಸ್ಸು, ಚಕ್ರದ ಕೈಗಾಡಿ ಹಿಡಿದು ನಡೆಯುವವರು, ಚರ್ಚಿನಲ್ಲಿ ಕಂಡು ಗೊತ್ತಿತ್ತು. ಗಾಡಿಯ ಬುಟ್ಟಿಯಲ್ಲಿ ನನ್ನ ಮೆಣಸಿನಕಾಯಿ, ಬಾಡಿ ಸುಕ್ಕುಗಟ್ಟಿದ್ದವು.

"ನನಗೆ ಇದು ಬಂತು" ಅಂದರು ಡಚ್ಚಿನಲ್ಲಿ, ನನಗೆ ತಿಳಿಯಲೆಂದು ನಿಧಾನವಾಗಿ. "ಒಂದನ್ನು ಹೆಚ್ಚಿ ಚೀಸಿನ ಜೊತೆ ಬ್ರೆಡ್ಡಿಗೆ ಹಾಕಿಕೊಂಡೆ. ಮೂರು ಲೋಟ ಹಾಲು ಕುಡಿಯಬೇಕಾಯಿತು. ಉಳಿದದ್ದನ್ನು ಏನು ಮಾಡಲಿ?"

ಬ್ಯಾಡಗಿ ಕಾಯಿಗೆ ಬಣ್ಣವಷ್ಟೇ, ಖಾರವೇ ಇಲ್ಲ ಎಂದು ನಮ್ಮ ಕಡೆ ಮೂಗು ಮುರಿಯುತ್ತಾರೆ. ನನಗೆ ವಾರಗಳ ಮೇಲೆ ಮೊದಲ ಸಲ ನಗು ಬಂತು. ಒಳಗೆ ಕರೆದು ಚಹಾ ಕೊಟ್ಟೆ. ಕುಡಿಯುತ್ತ ಅವರು ತಣ್ಣಗೆ ಹೇಳಿದರು, "ನಿನ್ನ ಹೆಸರನ್ನು ಬುಟ್ಟಿಯ ಪಟ್ಟಿಗೆ ಬರೆಸಿದವಳು ನಾನೇ. ಕೆಲಸವಿರುವವರು ಹಗಲು ಹೊತ್ತಿನಲ್ಲಿ ಬಾಲ್ಕನಿಯಲ್ಲಿ ಅಷ್ಟು ಹೊತ್ತು ನಿಲ್ಲುವುದಿಲ್ಲ."

ನನ್ನ ಮುಖದಲ್ಲಿ ಏನು ಕಂಡರೋ, ಕೈಯೆತ್ತಿ ತಡೆದರು.

"ಹೊಳೆಯ ದಂಡೆಯ ಹಡಗು ಕಟ್ಟುವ ಕಾರ್ಖಾನೆ ಮುಚ್ಚಿದಾಗ ನನ್ನ ಗಂಡನೂ ಮನೆಯಲ್ಲಿದ್ದ. ಆ ವರ್ಷ ಬುಟ್ಟಿ ಬಂತು. ಬಾಗಿಲಲ್ಲೇ ವಾಪಸ್ ಕಳಿಸಿದ. ಅವನು ಕಳಿಸುವ ಮೊದಲೇ ನಾನು ಎರಡು ಸೇಬು ಏಪ್ರನ್ನಿನೊಳಗೆ ಹಾಕಿಕೊಂಡಿದ್ದೆ. ಅಡುಗೆಮನೆಯಲ್ಲಿ ನಿಂತು ಒಬ್ಬಳೇ ತಿಂದೆ. ಅವನಿಗೆ ಕೊನೆಯವರೆಗೂ ಹೇಳಲಿಲ್ಲ."

ಇಪ್ಪತ್ತು ವರ್ಷ ನಾನು ಅಪ್ಪನ ಕಡೆಯಿಂದಷ್ಟೇ ಆ ಕುಂಬಳಕಾಯಿಯನ್ನು ನೋಡಿದ್ದೆ. ಅಂದು ಅವ್ವ ಒಲೆಯ ಮುಂದೆ ಕೂತು ಏನು ಅಂದುಕೊಂಡಳೆಂದು ಒಮ್ಮೆಯೂ ಕೇಳಿರಲಿಲ್ಲ.

ಅಂದು ಸಂಜೆ ಅಜ್ಜಿ ನಮ್ಮನ್ನು ತಮ್ಮ ಮನೆಗೆ ಕರೆದರು. ಮೇಜಿನ ಮೇಲೆ ಕಂಚಿನ ತಟ್ಟೆಯಲ್ಲಿ ಹಸಿರು ಟೊಂಗೆಗಳ ಬಳೆ, ಅದರಲ್ಲಿ ನಾಲ್ಕು ಮೇಣದಬತ್ತಿ. ಕ್ರಿಸ್ಮಸ್ಸಿನ ತನಕ ಭಾನುವಾರಕ್ಕೊಂದು ಹಚ್ಚುವುದು. ಮಗಳು ಒಂದನ್ನು ಹಚ್ಚಿ, ನಾಲ್ಕನ್ನೂ ಹಚ್ಚುತ್ತೇನೆಂದು ಹಟ ಹಿಡಿದಳು. ಅಜ್ಜಿ ಬೆಂಕಿಪೊಟ್ಟಣ ಕಿಸೆಗೆ ಹಾಕಿಕೊಂಡು, "ಉಳಿದ ಮೂರು ಎಲ್ಲಿಗೂ ಹೋಗುವುದಿಲ್ಲ" ಅಂದರು.

ಕಾಯುವುದು ನನಗೆ ಬರುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಆಗಮನ ಕಾಲವೆಂದರೆ ಸುಣ್ಣ ಬಳಿಯುವುದು, ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಹಚ್ಚಿ ನಕ್ಷತ್ರ ಕಟ್ಟುವುದು, ಹಾರ್ಮೋನಿಯಂ ಹೊತ್ತು ಮನೆಮನೆಗೆ ಹಾಡಲು ಹೋಗುವುದು. ಕಾಯಲು ಪುರುಸೊತ್ತೇ ಇರುತ್ತಿರಲಿಲ್ಲ. ಈ ಕಾಪೆಲ್ಲೆಯಲ್ಲಿ, ನಾಲ್ಕೂವರೆಗೇ ಕತ್ತಲಾಗುವ ಡಿಸೆಂಬರಿನಲ್ಲಿ, ಮಾಡಲು ಏನೂ ಇಲ್ಲದೆ ಇಮೇಲ್ ನೋಡುತ್ತ ಕೂತ ನನಗೆ ಯೇಸುವಿನ ತಾಯಿ ಮರಿಯಳ ನೆನಪಾಗುತ್ತಿತ್ತು. ಆಕೆ ಏನು ಸಂಪಾದಿಸಿದ್ದಳು, ಏನನ್ನು ದೇವರ ಮುಂದೆ ಒಯ್ದಿದ್ದಳು? ಬಂದದ್ದನ್ನು ಒಡಲಲ್ಲಿ ಇಟ್ಟುಕೊಂಡಳು, ಅಷ್ಟೆ. ಕೊಡುವ ದೇವರೇ ಎತ್ತಿಕೊಳ್ಳಿರೆಂದು ಕೈಚಾಚುವ ಕೂಸಾಗಿ ಬಂದ. ಚಿಕ್ಕಂದಿನಿಂದ ಕೇಳಿದ ಕಥೆ, ಆದರೆ ಅದು ನನಗೆ ಹೇಳಿದ್ದೆಂದು ಅನಿಸಿದ್ದು ಆಗಲೇ.

ಅನಿಸಿದರೇನು, ಸೊಕ್ಕು ಅಷ್ಟು ಬೇಗ ಹೋಗುತ್ತದೆಯೇ? ಅಜ್ಜಿಯ ಮನೆಗೆ ಎರಡನೇ ಭಾನುವಾರ ಚಿತ್ರಾನ್ನ ಒಯ್ದೆ, ಮೂರನೇ ಭಾನುವಾರ ಅದೇ ಬ್ಯಾಡಗಿಯ ಚಟ್ನಿಪುಡಿ. ಅವರು ಏನಾದರೂ ಕೊಡಲು ಬಂದರೆ ಮಾತ್ರ "ಬೇಡ, ಬೇಡ" ಎನ್ನುತ್ತ ಮೆಟ್ಟಿಲಿಳಿಯುತ್ತಿದ್ದೆ.

ಹೂಫ್‌ಡಾರ್ಪಿನ ಒಂದು ಆಫೀಸಿನಲ್ಲಿ ಎರಡು ಸುತ್ತಿನ ಸಂದರ್ಶನ ಆಗಿತ್ತು. ಇದು ಸಿಕ್ಕೇ ಸಿಗುತ್ತದೆ ಎಂದು ಗಂಡ ಆಗಲೇ ಪಾಯಸಕ್ಕೆ ಶಾವಿಗೆ ತಂದಿಟ್ಟಿದ್ದ. ನಾಲ್ಕನೇ ಭಾನುವಾರಕ್ಕೆ ಎರಡು ದಿನ ಮುಂಚೆ ಉತ್ತರ ಬಂತು. ಬೇರೆಯವರನ್ನು ತೆಗೆದುಕೊಂಡಿದ್ದರು.

ಅವ್ವನಿಗೆ ಫೋನ್ ಮಾಡಿದೆ. ಸುಳ್ಳು ಹೇಳಲು ಹೊರಟವಳು ಅತ್ತುಬಿಟ್ಟೆ. ಕೆಲಸ ಹೋದದ್ದು, ಜನವರಿಯ ಗಡುವು, ಸೇಬಿನ ಬುಟ್ಟಿ, ಎಲ್ಲ ಹೊರಬಂತು. ಅವ್ವ ಎಲ್ಲ ಕೇಳಿಸಿಕೊಂಡು ಅಂದಳು,

"ನಿಮ್ಮಪ್ಪ ಕುಂಬಳಕಾಯಿ ತಿರುಗಿ ಕೊಟ್ಟ ಬಂದ್ನಲ್ಲ, ನೀ ಭಾಳ ಖುಷಿ ಪಟ್ಟಿ. ಆಮ್ಯಾಲ ಏನಾತು ಗೊತ್ತೇನ? ಆ ಮನಷ್ಯಾ ಮತ್ತ ನಮ್ಮ ಬಾಗಲಾ ತುಳೀಲಿಲ್ಲ. ಚರ್ಚಿನ್ಯಾಗ ಎದುರು ಬಂದ್ರ ಮಾರಿ ತಿರಿವಿ ಹೋಗತಿದ್ದ. ನಿಮ್ಮಪ್ಪ ಸಾಯೂತನಕ ಅದನ್ನ ನೆನಸತಿದ್ದ. ಕೊಡಾಕ ದೊಡ್ಡ ಮನಸ ಬೇಕ ಅಂತಾರ ಎಲ್ಲಾರೂ. ಇಸ್ಕೊಳ್ಳಾಕ ಅದಕ್ಕಿಂತ ದೊಡ್ಡದು ಬೇಕಾಗತೈತಿ. ಕೊಟ್ಟರ ಉಡಿ ಒಡ್ಡಬೇಕವಾ."

ಭಾನುವಾರ ನಾನು ಅಜ್ಜಿಯ ಮನೆಗೆ ಹೋಗಲಿಲ್ಲ. ತಲೆನೋವು ಎಂದು ಮಗಳ ಕೈಯಲ್ಲಿ ಹೇಳಿ ಕಳಿಸಿದೆ. ಐದಕ್ಕೆ ಬಾಗಿಲ ಗಂಟೆ ಬಾರಿಸಿತು. ರಸ್ತೆಯ ಮೇಲೆ ನೀರು ಹೆಪ್ಪುಗಟ್ಟಿ ಜಾರುತ್ತಿದ್ದ ದಿನ ಅದು. ಅಜ್ಜಿ ಮಗಳನ್ನು ಪಕ್ಕದಲ್ಲಿಟ್ಟುಕೊಂಡು, ಕೈಗಾಡಿ ತಳ್ಳಿಕೊಂಡು ಬಂದಿದ್ದರು. ಗಾಡಿಯ ಮೇಲೆ ಆ ಹಸಿರು ಬಳೆ, ಮೂರು ಬತ್ತಿ ಮೋಟಾಗಿ, ನಾಲ್ಕನೆಯದು ಹಾಗೇ ಪೂರ್ತಿ. ಪಕ್ಕದಲ್ಲಿ ಸೇಬಿನ ಚೀಲ.

ನಮ್ಮ ಊಟದ ಮೇಜಿನ ಮೇಲೆ ಬಳೆ ಇಟ್ಟೆವು. ಮಗಳು ಒಂದಾದ ಮೇಲೊಂದು ನಾಲ್ಕನ್ನೂ ಹಚ್ಚಿದಳು. ಆಮೇಲೆ ಅಜ್ಜಿ ಚೀಲ ಎತ್ತಿಕೊಂಡು ನನ್ನ ಮುಂದೆ ಬಂದು ನಿಂತರು. ನನ್ನ ಬಾಯಿಗೆ ಬೇಡ ಎನ್ನುವ ಮಾತು ಬಂದೇ ಬಂತು. ಅದನ್ನು ನುಂಗಿ, ಸ್ವೆಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಉಡಿಯೊಡ್ಡಿದೆ. ಉಡಿ ಎಂದರೇನೆಂದು ಆ ಡಚ್ ಮುದುಕಿಗೆ ಯಾರು ಹೇಳಿದ್ದರು? ಏಪ್ರನ್ನಿನಲ್ಲಿ ಸೇಬು ಬಚ್ಚಿಟ್ಟವರಿಗೆ ಹೇಳಬೇಕಾಗಿರಲಿಲ್ಲವೇನೋ. ಒಂದೊಂದಾಗಿ ಹಾಕಿದರು. ಮಗಳು ಡಚ್ಚಿನಲ್ಲಿ ಎಣಿಸಿದಳು. ಒಂದನ್ನು ನಾನು ಅಲ್ಲೇ ನಿಂತು, ಎಲ್ಲರೆದುರಿಗೆ, ಅಳುತ್ತಲೇ ಕಚ್ಚಿದೆ.

ಗಡುವಿಗೆ ಒಂಬತ್ತು ದಿನ ಉಳಿದಿದ್ದಾಗ ಹೂಫ್‌ಡಾರ್ಪಿನ ಅದೇ ಆಫೀಸಿನವರು ಫೋನ್ ಮಾಡಿದರು. ತೆಗೆದುಕೊಂಡವರು ಬರಲಿಲ್ಲವಂತೆ. ಗಂಡನ ಶಾವಿಗೆ ಕೊನೆಗೂ ಪಾಯಸವಾಯಿತು, ಅಜ್ಜಿ ಎರಡು ಬಟ್ಟಲು ತಿಂದರು. ಈಗ ಅವರು ಊರಾಚೆಯ ವೃದ್ಧರ ವಸತಿಯಲ್ಲಿದ್ದಾರೆ. ಹಸಿರು ಬಳೆಯ ಕಂಚಿನ ತಟ್ಟೆ ನಮ್ಮ ಮನೆಯಲ್ಲಿದೆ.

ಈ ವರ್ಷದ ಸ್ತೋತ್ರದ ದಿನ ಮಗಳೂ ಬುಟ್ಟಿ ಹಂಚಲು ಹೋಗಿದ್ದಳು. ನಾನು ಚರ್ಚಿನ ಬಾಗಿಲಲ್ಲಿ ಕಾಯುತ್ತಿದ್ದೆ. ಸೈಕಲ್ಲಿನ ಹ್ಯಾಂಡಲ್ಲಿಗೆ ಬುಟ್ಟಿ ಹಾಗೇ ತೂಗಿಸಿಕೊಂಡು, ಮುಖ ಸಣ್ಣದು ಮಾಡಿಕೊಂಡು ಬಂದಳು. ನಮ್ಮ ಹಿಂದಿನ ಬೀದಿಗೆ ಹೊಸದಾಗಿ ಬಂದ ಒಬ್ಬರು, ತಪ್ಪು ಮನೆಗೆ ಬಂದಿದ್ದೀಯ ಎಂದು ಬಾಗಿಲು ಹಾಕಿಕೊಂಡರಂತೆ.

"ಇದನ್ನ ಯಾರಿಗೆ ಕೊಡ್ಲಿ ಮಮ್ಮಿ?"

"ಯಾರಿಗೂ ಬೇಡ," ಅಂದೆ. "ಅವರದ್ದೇ ಅದು. ನಾಲ್ಕನೇ ಭಾನುವಾರ ಹಸಿರು ಬಳೆ ತಗೊಂಡು ಇಬ್ಬರೂ ಹೋಗೋಣ."